ಮೇಜಿನ ಮೇಲಿನ ಮೀಟರು, ಮನೆಯೊಳಗಿನ ನೀರು

ಹಂಚಿನ ಮನೆಯಲ್ಲಿ ಬೆಳೆದವರಿಗೆ ಬೆಳಕಿಂಡಿಯ ನೆನಪಿರುತ್ತದೆ. ನಡುಮಧ್ಯಾಹ್ನ ಮಾಡಿನ ಗಾಜಿನ ಹಂಚಿನಿಂದ ಬಿಸಿಲುಕೋಲೊಂದು ನಡುಮನೆಗೆ ಇಳಿಯುತ್ತಿತ್ತು. ಅಲ್ಲಿಯವರೆಗೆ ಕಣ್ಣಿಗೆ ಬೀಳದ ಧೂಳಿನ ಕಣಗಳು ಆ ಕೋಲಿನೊಳಗೆ ಮಾತ್ರ ಮಿನುಗುತ್ತ ತೇಲಾಡುತ್ತಿದ್ದವು. ಕುಡಿಯುವ ನೀರಿನ ಬಗ್ಗಡ ಅಳೆಯುವ ಟರ್ಬಿಡಿಟಿ ಮೀಟರಿನೊಳಗೆ ನಡೆಯುವುದೂ ಇದೇ. ಕತ್ತಲ ಗೂಡಿನಲ್ಲಿಟ್ಟ ಗಾಜಿನ ಸೀಸೆಯೊಳಗೆ ಬೆಳಕಿನ ಕೋಲೊಂದು ಹಾಯುತ್ತದೆ. ನೀರಲ್ಲಿ ತೇಲುವ ಕಣಗಳು ಆ ಬೆಳಕನ್ನು ಅತ್ತಿತ್ತ ಚದುರಿಸುತ್ತವೆ. ಕೋಲಿಗೆ ಅಡ್ಡಲಾಗಿ, 90 ಡಿಗ್ರಿ ಕೋನದಲ್ಲಿ ಕೂತ ಎಲೆಕ್ಟ್ರಾನಿಕ್ ಕಣ್ಣು ತನ್ನ ಕಡೆಗೆ ಬಂದ ಬೆಳಕೆಷ್ಟು ಎಂದು ಅಳೆದು ಅಂಕಿ ತೋರಿಸುತ್ತದೆ.

ಅದರ ಪಕ್ಕದಲ್ಲಿರುವ ಇನ್ನೊಂದು ಪೆಟ್ಟಿಗೆ ಕ್ಲೋರಿನ್ ಮೀಟರು. ನೀರಿಗೆ ಚಿಟಿಕೆಯಷ್ಟು ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೋ ಕ್ಲೋರಿನ್ ಅಷ್ಟು ಹೆಚ್ಚು. ಆ ಗಾಢತೆಯನ್ನು ಕಣ್ಣಂದಾಜಿಗೆ ಬಿಡದೆ ಬೆಳಕಿನಿಂದ ಅಳೆದು ಹೇಳುವುದು ಇದರ ಕೆಲಸ. ಬೆಂಗಳೂರಿಗೆ ಕಾವೇರಿ ಕಳಿಸುವ ತೊರೆಕಾಡನಹಳ್ಳಿಯಂಥ ದೊಡ್ಡ ಘಟಕವಿರಲಿ, ತಾಲ್ಲೂಕು ಕೇಂದ್ರವೊಂದರ ಹಳೆಯ ಫಿಲ್ಟರ್ ಹೌಸ್ ಇರಲಿ, ನೀರು ಶುದ್ಧಮಾಡುವ ಜಾಗದ ಲ್ಯಾಬಿನಲ್ಲಿ ಇರಲೇಬೇಕಾದ ಜೋಡಿ ಇದು. ಈ ಎರಡು ಮೀಟರುಗಳು ಹೇಳುವುದೇನು, ಎಲ್ಲಿ ದಾರಿ ತಪ್ಪಿಸುತ್ತವೆ, ಇವು ಇದ್ದೂ ಜನ ನೀರು ಕುಡಿದು ಮಲಗುವುದೇಕೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಅಂಕಿಗಳಿಗೆ ಬೆಲೆ ಬರುವುದು ಎರಡನ್ನೂ ಜೊತೆಯಲ್ಲಿ ಓದಿದಾಗ, ನೀರು ಕುಡಿಯುವ ಜಾಗದಲ್ಲೇ ಓದಿದಾಗ, ಮತ್ತು ಓದಿದವರ ಮಾತಿಗೆ ಅಂದೇ ನೀರನ್ನು ಸರಿಮಾಡುವ ಬಲ ಇದ್ದಾಗ.

ಎರಡು ಅಂಕಿ

ಬಗ್ಗಡ ನೀರು ಕುಡಿಯಬಾರದೆಂದು ನಮ್ಮವರಿಗೆ ಯಾರೂ ಕಲಿಸಬೇಕಿರಲಿಲ್ಲ. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಕೆಸರು ತಳಕ್ಕಿಳಿಯುವಂತೆ ಮಾಡುತ್ತಿದ್ದರು, ಪಟಿಕದ ಹರಳನ್ನು ಕೊಡದಲ್ಲಿ ಎರಡು ಸುತ್ತು ತಿರುಗಿಸುತ್ತಿದ್ದರು, ಹಳೆಯ ಸೀರೆಯ ಸೆರಗನ್ನು ನಾಲ್ಕು ಪದರ ಮಡಿಸಿ ಸೋಸುತ್ತಿದ್ದರು. ಇಂದಿನ ಶುದ್ಧೀಕರಣ ಘಟಕ ಮಾಡುವುದೂ ಆ ಕೆಲಸವನ್ನೇ, ದೊಡ್ಡ ಅಳತೆಯಲ್ಲಿ: ಪಟಿಕ ಬೆರೆಸಿ, ಕೆಸರು ಇಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಸೇರಿಸುವುದು.

ಬಗ್ಗಡದ ತೊಂದರೆ ನೋಟಕ್ಕಷ್ಟೇ ಸೇರಿದ್ದಲ್ಲ. ಮಣ್ಣಿನ ಕಣದ ಸಂದಿಯಲ್ಲಿ, ಕೊಳೆತ ಸೊಪ್ಪುಸದೆಯ ಚೂರಿನ ಮರೆಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ತಲುಪುವುದಿಲ್ಲ. ಮೇಲಾಗಿ ಆ ಕೊಳೆಯೇ ಕ್ಲೋರಿನನ್ನು ತಿಂದುಹಾಕುತ್ತದೆ. ಹೀಗಾಗಿ ಕ್ಲೋರಿನ್ ಹಾಕುವ ಮೊದಲು ನೀರಿನ ಬಗ್ಗಡ 1 ಎನ್‌ಟಿಯುಗಿಂತ (ಇದು ಬಗ್ಗಡದ ಅಳತೆಮಾನ) ಕೆಳಗಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಡಿಯುವ ನೀರಿಗೆ ಭಾರತದ ಮಾನದಂಡವಾದ ಐಎಸ್ 10500, 2012ರ ಪರಿಷ್ಕರಣೆಯಲ್ಲಿ, ಅದೇ 1 ಎನ್‌ಟಿಯುವನ್ನು ಒಪ್ಪತಕ್ಕ ಮಿತಿಯೆಂದು ಇಟ್ಟಿದೆ. ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹಿಸಬಹುದು ಎನ್ನುತ್ತದೆ. ಐದು ಎನ್‌ಟಿಯು ನೀರನ್ನು ಗಾಜಿನ ಲೋಟದಲ್ಲಿ ಹಿಡಿದರೆ ಹೆಚ್ಚಿನವರಿಗೆ ತಿಳಿಯಾಗಿಯೇ ಕಾಣುತ್ತದೆ. ಒಂದಕ್ಕೂ ಐದಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಸಿಗುವಂಥದ್ದಲ್ಲ. ಮೀಟರು ಬೇಕಾಗುವುದು ಇಲ್ಲಿಯೇ.

ಕ್ಲೋರಿನ್ನಿನ ಲೆಕ್ಕ ತುಸು ಬೇರೆ. ಉಳಿದ ಬಹುತೇಕ ವಸ್ತುಗಳಿಗೆ ಮಾನದಂಡ ಹಾಕುವುದು ಮೇಲಿನ ಮಿತಿ; ಕ್ಲೋರಿನ್ನಿಗೆ ಕೆಳಗಿನ ಮಿತಿಯೂ ಇದೆ. ನೀರಿಗೆ ಹಾಕಿದ್ದೆಷ್ಟು ಎಂಬುದು ಇಲ್ಲಿ ಪ್ರಶ್ನೆಯಲ್ಲ, ಕೊಳೆಯೊಂದಿಗೆ ಹೋರಾಡಿ ಉಳಿದದ್ದೆಷ್ಟು ಎಂಬುದು ಪ್ರಶ್ನೆ. ಬಳಸುವವರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ವೈರಸ್ಸಿನ ಭಯವಿದ್ದಾಗ 0.5 ಇರಬೇಕು. ಈ ಉಳಿಕೆ ಕಾವಲುಗಾರನಿದ್ದಂತೆ. ದಾರಿಯಲ್ಲಿ ಪೈಪು ಒಡೆದು ಚರಂಡಿ ಸೇರಿದರೆ ಮೊದಲು ಬೀಳುವವನು ಅವನೇ. ನಿನ್ನೆ 0.4 ಇದ್ದ ನಲ್ಲಿಯಲ್ಲಿ ಇಂದು ಸೊನ್ನೆ ಬಂದರೆ, ಅಳತೆಯಲ್ಲಿ ತಪ್ಪಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹುಡುಕಬೇಕಾದದ್ದು ಯಾವ ಬೀದಿಯಲ್ಲಿ ಕೊಳೆ ನುಗ್ಗಿದೆ ಎಂಬುದನ್ನು.

ಮೇಣದಬತ್ತಿಯಿಂದ ಫಾರ್ಮಜಿನ್‌ವರೆಗೆ

ಬಗ್ಗಡಕ್ಕೆ ಅಂಕಿ ಕೊಡುವ ಮೊದಲ ಸಾಧನಗಳಲ್ಲಿ ಹೆಸರಾದದ್ದು ಮೇಣದಬತ್ತಿಯದು. 1900ರ ಸುಮಾರಿಗೆ ಅಮೆರಿಕದಲ್ಲಿ ವಿಪ್ಪಲ್ ಮತ್ತು ಜಾಕ್ಸನ್ ಎಂಬಿಬ್ಬರು ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಉರಿಯುವ ಬತ್ತಿಯ ಮೇಲೆ ಉದ್ದನೆಯ ಗಾಜಿನ ಕೊಳವೆ ನಿಲ್ಲಿಸಿ, ಮೇಲಿನಿಂದ ಬಗ್ಗಿ ನೋಡುತ್ತ ನೀರು ಸುರಿಯುವುದು. ಜ್ವಾಲೆಯ ಆಕಾರ ಅಳಿಸಿಹೋಗಿ ಮಸುಕು ಬೆಳಕಷ್ಟೇ ಉಳಿದಾಗ ನಿಲ್ಲಿಸಿ, ನೀರಿನ ಎತ್ತರದಿಂದ ಬಗ್ಗಡ ಲೆಕ್ಕ ಹಾಕುವುದು. ಮಳೆಗಾಲದ ಹೊಳೆಗೆ ಇದು ಸಾಕಿತ್ತು. ಆದರೆ 25 ಘಟಕಕ್ಕಿಂತ ತಿಳಿಯಾದ ನೀರಿನಲ್ಲಿ ಬತ್ತಿ ಮರೆಯಾಗುತ್ತಲೇ ಇರಲಿಲ್ಲ. ಕುಡಿಯುವ ನೀರಿನ ಜಗಳವೆಲ್ಲ ನಡೆಯುವುದು ಅದಕ್ಕಿಂತ ಎಷ್ಟೋ ಕೆಳಗೆ.

ಆದ್ದರಿಂದ ಮುಂದಿನವರು ಎದುರಿನಿಂದ ನೋಡುವುದನ್ನು ಬಿಟ್ಟು ಪಕ್ಕದಿಂದ ನೋಡತೊಡಗಿದರು. ಬೆಳಕು ಎಷ್ಟು ಕಡಿಮೆಯಾಯಿತು ಎನ್ನುವುದಕ್ಕಿಂತ ಎಷ್ಟು ಚದುರಿತು ಎಂದು ಅಳೆದರೆ ತೀರ ತಿಳಿಯಾದ ನೀರಿನಲ್ಲೂ ಉತ್ತರ ಸಿಗುತ್ತದೆ. ಎನ್‌ಟಿಯು ಎಂಬ ಹೆಸರಿನ ಮೊದಲ ಅಕ್ಷರ ಈ ವಿಧಾನದ್ದೇ, ನೆಫೆಲೋಮೆಟ್ರಿಯದು.

ಅಳೆಯಲು ಒಂದು ಸೇರು ಬೇಕು, ಎಲ್ಲರ ಸೇರೂ ಒಂದೇ ಆಗಿರಬೇಕು. ಮೊದಲು ಜೇಡಿಮಣ್ಣು, ಡಯಾಟಮ್ ಮಣ್ಣು ಕಲಸಿ ಹೋಲಿಸುತ್ತಿದ್ದರು. ಊರಿಂದೂರಿಗೆ ಮಣ್ಣು ಬೇರೆ. 1926ರಲ್ಲಿ ಬಳಕೆಗೆ ಬಂದ ಫಾರ್ಮಜಿನ್ ಈ ತೊಡಕನ್ನು ಕಳೆಯಿತು. ಹೈಡ್ರಜೀನ್ ಸಲ್ಫೇಟ್ ಮತ್ತು ಹೆಕ್ಸಮೀನ್ ದ್ರಾವಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿ 25 ಡಿಗ್ರಿ ಸುಮಾರಿನ ಉಷ್ಣತೆಯಲ್ಲಿ 24 ಗಂಟೆ ಕದಲಿಸದೆ ಇಟ್ಟರೆ ಹಾಲಿನಂಥ ಬಿಳಿ ದ್ರವ ಸಿದ್ಧವಾಗುತ್ತದೆ. ಅದರ ಬೆಲೆ 4000 ಎನ್‌ಟಿಯು. ಅದನ್ನು ಬೇಕಾದಷ್ಟು ನೀರು ಹಾಕಿ ತೆಳುಮಾಡಿ ಮೀಟರಿಗೆ ಪಾಠ ಹೇಳುವುದು. ಇದನ್ನು ಯಾವ ಊರಲ್ಲಿ ಮಾಡಿದರೂ ಹೆಚ್ಚುಕಡಿಮೆ ಒಂದೇ ಬಗ್ಗಡ ಬರುತ್ತದೆ. ಆದರೆ ತೆಳುಮಾಡಿದ ಫಾರ್ಮಜಿನ್ ಬಹಳ ಹೊತ್ತು ನಿಲ್ಲುವುದಿಲ್ಲ, ಆಗಿನದನ್ನು ಆಗಲೇ ಬಳಸಬೇಕು. ಹೈಡ್ರಜೀನ್ ಸಲ್ಫೇಟ್ ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವ ವಸ್ತು, ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ. ಅದಕ್ಕೇ ಈಗ ಮೊಹರು ಹಾಕಿದ ಸೀಸೆಗಳಲ್ಲಿ ಸಿದ್ಧ ಮಾದರಿಗಳು ಬರುತ್ತವೆ.

ಬೆಳಕಿನ ವಿಚಾರದಲ್ಲಿ ಎರಡು ಪಂಥಗಳಿವೆ. ಅಮೆರಿಕದ ವಿಧಾನ 180.1 ಟಂಗ್‌ಸ್ಟನ್ ಬಲ್ಬಿನ ಬಿಳಿ ಬೆಳಕನ್ನು ಕೇಳುತ್ತದೆ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 7027, 860 ನ್ಯಾನೋಮೀಟರಿನ ಅವಕೆಂಪು ಬೆಳಕನ್ನು ಕೇಳುತ್ತದೆ. ಬಿಳಿ ಬೆಳಕು ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರಿಗೆ ಬಣ್ಣವಿದ್ದರೆ ಮೋಸಹೋಗುತ್ತದೆ. ಎಲೆ ಕೊಳೆತು ಚಹದ ಬಣ್ಣಕ್ಕೆ ತಿರುಗಿದ ಮಲೆನಾಡಿನ ಕೆರೆಯ ನೀರಿನಲ್ಲಿ ಆ ಬಣ್ಣವೇ ಒಂದಿಷ್ಟು ಬೆಳಕನ್ನು ನುಂಗಿ ಅಂಕಿಯನ್ನು ಕೆಳಗಿಳಿಸುತ್ತದೆ. ಅವಕೆಂಪು ಬೆಳಕಿಗೆ ಆ ಬಣ್ಣದ ಹಂಗು ಕಡಿಮೆ. ಒಂದೇ ನೀರನ್ನು ಎರಡು ಬಗೆಯ ಮೀಟರಿನಲ್ಲಿ ಇಟ್ಟರೆ ಎರಡು ಅಂಕಿ ಬರಬಹುದು, ಎರಡೂ ಸುಳ್ಳಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸುವ ಲ್ಯಾಬು ಯಾವ ಬಗೆಯ ಮೀಟರಿನಲ್ಲಿ ಅಳೆದದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕು.

ಹಳದಿಯಿಂದ ಗುಲಾಬಿಗೆ

ಬ್ರಿಟನ್ನಿನಲ್ಲಿ 1905ರಲ್ಲಿ ಲಿಂಕನ್ ಪಟ್ಟಣ, ಅಮೆರಿಕದಲ್ಲಿ 1908ರಲ್ಲಿ ಜರ್ಸಿ ಸಿಟಿ ನೀರಿಗೆ ದಿನವೂ ಕ್ಲೋರಿನ್ ಬೆರೆಸತೊಡಗಿದ ಮೇಲೆ, ಉಳಿದದ್ದೆಷ್ಟು ಎಂದು ನೋಡುವ ಅಗತ್ಯ ಬಂತು. ಬಹುಕಾಲ ಆಳಿದ್ದು ಆರ್ಥೊಟೊಲಿಡಿನ್. ನಮ್ಮ ನೀರು ಸರಬರಾಜಿನ ಹಳೆಯ ನೌಕರರಿಗೆ ‘ಓಟಿ ಟೆಸ್ಟ್’ ಎಂದರೆ ಇದೇ: ಕ್ಲೋರೋಸ್ಕೋಪಿನ ಕೊಳವೆಗೆ ನೀರು ತುಂಬಿ, ಕೆಲವು ಹನಿ ಹಾಕಿ, ಬಂದ ಹಳದಿಯನ್ನು ಪಕ್ಕದ ಬಣ್ಣದೊಂದಿಗೆ ಹೋಲಿಸುವುದು. ಸುಲಭ, ಅಗ್ಗ. ಆದರೆ ಆರ್ಥೊಟೊಲಿಡಿನ್ನಿನ ಮೇಲೂ ಕ್ಯಾನ್ಸರಿನ ಶಂಕೆ ಇದೆ. ಮುಕ್ತ ಕ್ಲೋರಿನ್ ಯಾವುದು, ಅಮೋನಿಯದೊಂದಿಗೆ ಕೂಡಿ ಬಲ ಕಳೆದುಕೊಂಡ ಕ್ಲೋರಿನ್ ಯಾವುದು ಎಂದು ಅದು ಸರಿಯಾಗಿ ಬೇರ್ಪಡಿಸುವುದೂ ಇಲ್ಲ.

1957ರಲ್ಲಿ ಇಂಗ್ಲೆಂಡಿನ ಪ್ಯಾಲಿನ್ ರೂಪಿಸಿದ, ಡಿಪಿಡಿ ಎಂಬ ರಾಸಾಯನಿಕದ ವಿಧಾನ ಆ ಕೊರತೆ ತುಂಬಿತು. ಮೊದಲ ಪುಡಿಗೆ ಬರುವ ಗುಲಾಬಿ ಮುಕ್ತ ಕ್ಲೋರಿನ್ನಿನದು. ಪೊಟ್ಯಾಸಿಯಂ ಅಯೋಡೈಡ್ ಸೇರಿಸಿದ ಮೇಲೆ ಬರುವುದು ಒಟ್ಟು ಕ್ಲೋರಿನ್ನಿನದು. ಒಟ್ಟಿನಲ್ಲಿ ಮುಕ್ತವನ್ನು ಕಳೆದರೆ ಕೂಡಿಕೊಂಡದ್ದು ಸಿಗುತ್ತದೆ. ಮೀಟರು 515 ನ್ಯಾನೋಮೀಟರಿನ ಆಸುಪಾಸಿನ ಹಸಿರು ಬೆಳಕನ್ನು ಆ ಗುಲಾಬಿಯ ಮೂಲಕ ಹಾಯಿಸಿ, ಬಣ್ಣ ನುಂಗಿದ್ದೆಷ್ಟು ಎಂದು ಅಳೆಯುತ್ತದೆ.

ಇದರಲ್ಲಿ ಒಂದು ಅಪಾಯದ ಮಡು ಇದೆ. ನೀರಿನಲ್ಲಿ ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಅದು ಡಿಪಿಡಿಯ ಬಣ್ಣವನ್ನೇ ಬಿಳಿಚಿಬಿಡುತ್ತದೆ. ಸೀಸೆ ಬಣ್ಣವಿಲ್ಲದೆ ನಿಲ್ಲುತ್ತದೆ, ಮೀಟರು ಸೊನ್ನೆಯ ಹತ್ತಿರ ತೋರಿಸುತ್ತದೆ. ಅನುಭವವಿಲ್ಲದವರು ‘ಕ್ಲೋರಿನ್ ಇಲ್ಲ’ ಎಂದು ಇನ್ನಷ್ಟು ಬ್ಲೀಚಿಂಗ್ ಪೌಡರ್ ಸುರಿಯಬಹುದು. ಪುಡಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾಯಿತೇ ಎಂದು ಕಣ್ಣಿಟ್ಟು ನೋಡಬೇಕು. ಸಂಶಯ ಬಂದರೆ ಮಾದರಿಯನ್ನು ಕ್ಲೋರಿನ್ ಇಲ್ಲದ ಶುದ್ಧ ನೀರಿನಲ್ಲಿ ಹತ್ತು ಪಟ್ಟು ತೆಳುಮಾಡಿ ಮತ್ತೆ ಅಳೆಯಬೇಕು. ಇನ್ನೊಂದು ಬಲೆ ಮ್ಯಾಂಗನೀಸಿನದು. ಗಾಳಿಗೆ, ಕ್ಲೋರಿನ್ನಿಗೆ ಸಿಕ್ಕಿ ಬದಲಾದ ಮ್ಯಾಂಗನೀಸು ಡಿಪಿಡಿಗೆ ಗುಲಾಬಿ ಬಣ್ಣ ಕೊಟ್ಟು, ಇಲ್ಲದ ಕ್ಲೋರಿನನ್ನು ಇದೆಯೆಂದು ತೋರಿಸುತ್ತದೆ.

ಪಿಎಚ್ ಅಂಕಿಯನ್ನೂ ಜೊತೆಗಿಟ್ಟುಕೊಳ್ಳಬೇಕು. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಅವುಗಳಲ್ಲಿ ಹೈಪೋಕ್ಲೋರಸ್ ಆಮ್ಲ ಚುರುಕಿನದು. ಪಿಎಚ್ 7.5ರ ಹತ್ತಿರ ಇದು ಅರ್ಧದಷ್ಟು, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಪಾಲಿನ ಸುಮಾರಿಗೆ ಇಳಿಯುತ್ತದೆ. ಪಿಎಚ್ ಎಷ್ಟೇ ಇರಲಿ, ಮೀಟರು ಮಾತ್ರ ಎರಡೂ ರೂಪಗಳನ್ನು ಸೇರಿಸಿ 0.5 ಎಂದೇ ತೋರಿಸುತ್ತದೆ.

ಮೇಜಿನ ಮುಂದೆ ಹತ್ತು ನಿಮಿಷ

ಪಟ್ಟಣವೊಂದರ ನೀರಿನ ಲ್ಯಾಬಿನಲ್ಲಿ ಒಬ್ಬ ಕೆಮಿಸ್ಟ್ ಹೆಣ್ಣುಮಗಳು ಟರ್ಬಿಡಿಟಿ ಅಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆಕೆ ಸೀಸೆಯನ್ನು ಕುತ್ತಿಗೆಯ ಹತ್ತಿರವಷ್ಟೇ ಹಿಡಿದಳು. ಪರೀಕ್ಷೆಯ ನೀರಿನಲ್ಲೇ ಎರಡು ಸಲ ತೊಳೆದು ಚೆಲ್ಲಿ, ಗೋಡೆಗೆ ಒರಗಿಸಿ ಮೆಲ್ಲಗೆ ತುಂಬಿದಳು. ಹೊರಮೈಗೆ ಒಂದು ಹನಿ ಸಿಲಿಕೋನ್ ಎಣ್ಣೆ ಸವರಿ, ಎಳೆ ಉದುರದ ಬಟ್ಟೆಯಿಂದ ಎಣ್ಣೆ ಕಾಣದಷ್ಟು ಒರೆಸಿದಳು. ಕಣ್ಣಿಗೆ ಕಾಣದ ಗೀರುಗಳನ್ನು ಆ ಎಣ್ಣೆ ತುಂಬುತ್ತದೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿದ್ದವು. ‘ಸ್ವಲ್ಪ ತಡೀರಿ ಸಾರ್, ಗುಳ್ಳೆ ಹೋಗ್ಲಿ. ಇದನ್ನ ಹಾಗೇ ಇಟ್ರೆ ಒಳ್ಳೆ ನೀರಿಗೂ ಎರಡು, ಮೂರು ತೋರ್ಸುತ್ತೆ’ ಎಂದಳು. ಎರಡು ನಿಮಿಷ ಕಾದು, ಸೀಸೆಯ ಬಿಳಿ ಗುರುತನ್ನು ಗೂಡಿನ ಗುರುತಿಗೆ ಸೇರಿಸಿ ಇಳಿಸಿ ಮುಚ್ಚಳ ಹಾಕಿದಳು. 0.82 ಬಂತು. ಸೀಸೆ ತೆಗೆದು, ಮತ್ತೆ ಒರೆಸಿ, ಮತ್ತೆ ಇಟ್ಟಳು. 0.79. ಪುಸ್ತಕದಲ್ಲಿ ಎರಡನ್ನೂ ಬರೆದಳು.

ಆ ಹತ್ತು ನಿಮಿಷದಲ್ಲಿ ಈ ವಿದ್ಯೆಯ ಮುಕ್ಕಾಲು ಪಾಲು ಇತ್ತು. ಒಂದು ಎನ್‌ಟಿಯುಗಿಂತ ಕೆಳಗೆ ಅಳೆಯುವಾಗ ಬೆರಳಚ್ಚು, ಗೀರು, ಗುಳ್ಳೆ, ಮಂಜು, ಇವೇ ನೀರಿಗಿಂತ ದೊಡ್ಡದಾಗಿ ಕಾಣುತ್ತವೆ. ಅವೆಲ್ಲ ಅಂಕಿಯನ್ನು ಮೇಲಕ್ಕೇ ತಳ್ಳುವಂಥವು. ಫ್ರಿಜ್ಜಿನಿಂದ ತೆಗೆದ ಮಾದರಿಯನ್ನು ಹಾಗೇ ಅಳೆದರೆ ಗಾಜಿನ ಹೊರಗೆ ಕಟ್ಟಿದ ಮಂಜೇ ಬಗ್ಗಡವಾಗುತ್ತದೆ. ಮಾದರಿಯನ್ನು ಬಹಳ ಹೊತ್ತು ನಿಲ್ಲಿಸಿದರೆ ಕಣಗಳು ತಳಕ್ಕಿಳಿದು ಅಂಕಿ ಕೆಳಗೆ ಬೀಳುತ್ತದೆ. ಮೀಟರಿನ ಬೆಲೆ ಎಷ್ಟೇ ಇರಲಿ, ಆ ಒರೆಸುವ ಬಟ್ಟೆ ಮತ್ತು ಕಾಯುವ ತಾಳ್ಮೆ ಇಲ್ಲದಿದ್ದರೆ ದಶಾಂಶದ ಮುಂದಿನ ಅಂಕಿಗೆ ಅರ್ಥವಿಲ್ಲ.

ಮೇಜಿನ ಮೀಟರಿನ ನಿಜವಾದ ಬಲ ಕಾಣುವುದು ಜಾರ್ ಟೆಸ್ಟಿನಲ್ಲಿ. ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿಗೆ ಕೆಂಪು ಹೊಸನೀರು ಬಂದ ದಿನ ನಿನ್ನೆಯ ಪಟಿಕದ ಲೆಕ್ಕ ಇಂದಿಗೆ ಸಾಲದು. ಆರು ಬೀಕರುಗಳಲ್ಲಿ ಹೊಳೆನೀರು ತುಂಬಿ, ಆರು ಪ್ರಮಾಣದಲ್ಲಿ ಪಟಿಕ ಹಾಕಿ, ಮೊದಲು ಜೋರಾಗಿ ಆಮೇಲೆ ನಿಧಾನವಾಗಿ ಕಲಕಿ, ಕೆಸರು ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಒಂದೊಂದಾಗಿ ಮೀಟರಿಗೆ ಇಡುತ್ತಾರೆ. ಯಾವ ಬೀಕರಿನಲ್ಲಿ ಅಂಕಿ ಸಾಕಷ್ಟು ಕೆಳಗಿಳಿದು ಮುಂದೆ ಇಳಿಯದೆ ನಿಂತಿತೋ ಅಂದಿನ ಪ್ರಮಾಣ ಅದೇ. ಅಂಕಿ ಬಂದ ಅರ್ಧ ಗಂಟೆಯೊಳಗೆ ಪಟಿಕದ ವಾಲ್ವು ತಿರುಗುತ್ತದೆ. ಅಳತೆ ಮತ್ತು ಕೆಲಸ ಒಂದೇ ಸೂರಿನಡಿ ಇರುವುದರ ಲಾಭ ಇದು.

ಮೂರು ಊರುಗಳ ಪಾಠ

ಈ ಎರಡು ಅಂಕಿಗಳಲ್ಲಿ ಒಂದು ಕೈಕೊಟ್ಟರೂ ಏನಾಗುತ್ತದೆ ಎಂಬುದಕ್ಕೆ ಮೂರು ಊರುಗಳು ಸಾಕ್ಷಿ.

ಮೊದಲನೆಯದು ದೆಹಲಿ. 1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ ನಜಫಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗಕ್ಕೇ ನುಗ್ಗಿತು. ಸಿಬ್ಬಂದಿ ಅದನ್ನು ಗಮನಿಸಿ ಪಟಿಕ, ಕ್ಲೋರಿನ್ ಎರಡನ್ನೂ ಹೆಚ್ಚಿಸಿದರು. ಟೈಫಾಯ್ಡಿನಂಥ ಬ್ಯಾಕ್ಟೀರಿಯಾ ಕಾಯಿಲೆಗಳು ಹೆಚ್ಚಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಸುಮಾರು 29,300 ಜನರಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಬ್ಯಾಕ್ಟೀರಿಯಾಕ್ಕೆ ಸಾಕಾದ ಕ್ಲೋರಿನ್, ಕೊಳೆ ತುಂಬಿದ ನೀರಿನಲ್ಲಿ ವೈರಸ್ಸಿಗೆ ಸಾಲಲಿಲ್ಲ. ನಮ್ಮ ಮಾನದಂಡದಲ್ಲಿ ವೈರಸ್ಸಿಗೆಂದೇ ಇರುವ 0.5 ಎಂಬ ಗೆರೆಯನ್ನು ಓದುವಾಗ ನೆನಪಿಗೆ ಬರಬೇಕಾದದ್ದು ಈ ಸಂಕಟ.

ಎರಡನೆಯದು ಅಮೆರಿಕದ ಮಿಲ್ವಾಕಿ, 1993ರ ವಸಂತ. ನಗರದ ಎರಡು ಘಟಕಗಳಲ್ಲಿ ದಕ್ಷಿಣದ್ದರಲ್ಲಿ ಸೋಸಿದ ನೀರಿನ ಬಗ್ಗಡ ಮಾರ್ಚ್ ಕೊನೆಗೆ 1.7 ಎನ್‌ಟಿಯು ಮುಟ್ಟಿತು. ಅಂದಿನ ಕಾನೂನಿನ ಲೆಕ್ಕದಲ್ಲಿ ಅದು ತಪ್ಪಾಗಿರಲಿಲ್ಲ. ಕ್ಲೋರಿನ್ನೂ ಇತ್ತು. ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯ ಗಟ್ಟಿ ಚಿಪ್ಪಿಗೆ ಕ್ಲೋರಿನ್ ನಾಟುವುದಿಲ್ಲ. ಆ ಘಟಕದಲ್ಲಿ ಅದನ್ನು ತಡೆಯಬಲ್ಲದ್ದು ಸೋಸುವ ಹಾಸು ಮಾತ್ರವಾಗಿತ್ತು. ಹಾಸು ಸೋತಿದೆ ಎಂದು ಕೂಗಿ ಹೇಳುತ್ತಿದ್ದದ್ದು ಟರ್ಬಿಡಿಟಿ ಮೀಟರು. ಸುಮಾರು 4,03,000 ಜನ ಕಾಯಿಲೆ ಬಿದ್ದರೆಂದು ಅಂದಾಜು. ಆಮೇಲೆ ಅಮೆರಿಕ ಬಿಗಿಮಾಡಿದ ನಿಯಮದ ಪ್ರಕಾರ ಅಂಥ ಘಟಕಗಳ ಸೋಸಿದ ನೀರು ತಿಂಗಳ ಶೇ. 95 ಅಳತೆಗಳಲ್ಲಿ 0.3 ಎನ್‌ಟಿಯು ಮೀರಬಾರದು.

ಮೂರನೆಯದು ಕೆನಡಾದ ಒಂಟಾರಿಯೊದ ವಾಕರ್‌ಟನ್, ಸುಮಾರು 5,000 ಜನರ ಪಟ್ಟಣ. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು, ಹತ್ತಿರದ ಹೊಲದ ದನದ ಗೊಬ್ಬರದ ರೋಗಾಣುಗಳು 5ನೇ ಬಾವಿಗೆ ಇಳಿದವು. ಏಳು ಜನ ಸತ್ತರು, ಸುಮಾರು 2,300 ಜನ ನರಳಿದರು. ನ್ಯಾಯಮೂರ್ತಿ ಡೆನ್ನಿಸ್ ಒ’ಕಾನರ್ ವಿಚಾರಣೆ ನಡೆಸಿದಾಗ ತಿಳಿದದ್ದು: ದಿನವೂ ಕ್ಲೋರಿನ್ ಅಳೆಯಬೇಕಾದವರು ವರ್ಷಗಟ್ಟಲೆ ಅಳೆಯದೆಯೇ ಪುಸ್ತಕದಲ್ಲಿ 0.5, 0.75 ಎಂದು ಬರೆಯುತ್ತಿದ್ದರು. ಆ ಬಾವಿಗೆ ಸದಾ ಓದುವ ಕ್ಲೋರಿನ್ ಮತ್ತು ಟರ್ಬಿಡಿಟಿ ಮೀಟರುಗಳನ್ನು ಕೂರಿಸಿದ್ದರೆ ಈ ದುರಂತ ತಪ್ಪುತ್ತಿತ್ತು ಎಂದು ಅವರ ವರದಿ ತೀರ್ಮಾನಿಸಿತು.

ದೆಹಲಿಯಲ್ಲಿ ಕೊಳೆಯ ಮುಂದೆ ಕ್ಲೋರಿನ್ ಸೋತಿತು. ಮಿಲ್ವಾಕಿಯಲ್ಲಿ ಕ್ಲೋರಿನ್ ಇದ್ದೂ ಬಗ್ಗಡದ ಮಾತನ್ನು ಕೇಳಲಿಲ್ಲ. ವಾಕರ್‌ಟನ್ನಿನಲ್ಲಿ ಅಂಕಿಯೇ ಸುಳ್ಳಾಗಿತ್ತು. ಬಗ್ಗಡ ಮತ್ತು ಕ್ಲೋರಿನ್ ಒಂದನ್ನೊಂದು ಕಾಯುವ ಅಂಕಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿದವರಿಗೆ ಬಚಾವಾಗುವ ದಾರಿ ಕಿರಿದಾಗುತ್ತದೆ.

ಘಟಕದಿಂದ ನಲ್ಲಿಗೆ

ಬೆಂಗಳೂರಿನ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರುತ್ತದೆ. 1974ರ ಮೊದಲ ಹಂತದಿಂದ 2024ರ ಅಕ್ಟೋಬರಿನಲ್ಲಿ ಚಾಲನೆಯಾದ ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತದವರೆಗೆ ಘಟಕಗಳು ಬೆಳೆದಿವೆ. ಘಟಕದ ಬಾಗಿಲಲ್ಲಿ ಅಳೆದ ಅಂಕಿ ಆ ಬಾಗಿಲಿನದ್ದು ಮಾತ್ರ. ಅಲ್ಲಿಂದ ಜಲಾಗಾರ, ಬೀದಿ ಪೈಪು, ಮನೆಯ ಸಂಪು, ಮಾಳಿಗೆಯ ಟ್ಯಾಂಕು ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಕ್ಲೋರಿನ್ ಹೆಜ್ಜೆಹೆಜ್ಜೆಗೂ ಕರಗುತ್ತದೆ. ಮೂರು ದಿನ ಸಂಪಿನಲ್ಲಿ ನಿಂತ ನೀರಿನಲ್ಲಿ ಕಾವಲು ಉಳಿದಿರುವುದು ಅಪರೂಪ.

ಬಿಟ್ಟುಬಿಟ್ಟು ನೀರು ಬರುವ ಊರುಗಳಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇದೆ. ನೀರು ನಿಂತಾಗ ಪೈಪು ಖಾಲಿಯಾಗಿ, ಸೋರುವ ಸಂದಿಗಳಿಂದ ಸುತ್ತಲಿನ ಕೊಳೆಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ, ಉಳಿದ ವಾರ್ಡುಗಳಿಗೆ ಹಲವು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಈ ಎರಡನ್ನೂ ಹೋಲಿಸಿ ಅಧ್ಯಯನ ಮಾಡಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಲಿನತೆ ಸೂಚಿಸುವ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕವು. ನಲ್ಲಿ ಬಿಟ್ಟ ಮೊದಲ ನೀರಿನಲ್ಲಿ, ಒತ್ತಡ ಕಡಿಮೆ ಇದ್ದ ಹೊತ್ತಿನಲ್ಲಿ ಇನ್ನೂ ಹೆಚ್ಚು. ನಮ್ಮ ತಾಯಂದಿರು ನಲ್ಲಿಯ ಮೊದಲ ಕೊಡವನ್ನು ಗಿಡಕ್ಕೆ, ಪಾತ್ರೆಗೆ ಎಂದು ಬಿಡುತ್ತಿದ್ದ ರೂಢಿಗೆ ಈ ಅಳತೆ ಪುರಾವೆ ಒದಗಿಸಿತು.

ಮೇಜಿನ ಕ್ಲೋರಿನ್ ಮೀಟರಿನ ಮಿತಿ ಇಲ್ಲಿ ಬಯಲಾಗುತ್ತದೆ. ಬಗ್ಗಡದ ಮಾದರಿಯನ್ನು ಸೀಸೆಯಲ್ಲಿ ತುಂಬಿ ಅದೇ ದಿನ ಲ್ಯಾಬಿಗೆ ಒಯ್ಯಬಹುದು. ಕ್ಲೋರಿನ್ನನ್ನು ಒಯ್ಯಲಾಗದು, ಬಿಸಿಲಿಗೆ, ಕುಲುಕಾಟಕ್ಕೆ, ಕಾಲಕ್ಕೆ ಅದು ದಾರಿಯಲ್ಲೇ ಕರಗುತ್ತದೆ. ಮೇಲಾಗಿ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡುವ ಸೀಸೆಯಲ್ಲಿ ಕ್ಲೋರಿನನ್ನು ಕೊಲ್ಲಲೆಂದೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಅದೇ ಸೀಸೆಯ ನೀರಿನಲ್ಲಿ ಕ್ಲೋರಿನ್ ಅಳೆದು ‘ಇಲ್ಲ’ ಎಂದು ಬರೆದರೆ ಆ ಅಂಕಿ ನೀರಿನದಲ್ಲ, ಸೀಸೆಯದು. ಆದ್ದರಿಂದ ಕ್ಲೋರಿನ್ ಅಳೆಯುವವರು ನಲ್ಲಿಯ ಬಳಿಗೆ ಹೋಗಬೇಕು. ಅಂಗೈಯಲ್ಲಿ ಹಿಡಿಯುವ ಮೀಟರುಗಳು ಅದಕ್ಕೇ ಇವೆ. ಅವುಗಳ ಓದು ಸರಿಯೇ ಎಂದು ವಾರಕ್ಕೊಮ್ಮೆ ಪಕ್ಕಕ್ಕಿಟ್ಟು ನೋಡಲು ಮೇಜಿನ ಮೀಟರು ಹಿರಿಯನಂತೆ ಲ್ಯಾಬಿನಲ್ಲಿರಲಿ.

ನೀರುಗಂಟಿಯ ಕೈಯಲ್ಲಿ

ಹಳ್ಳಿಗಳಲ್ಲಿ ಕ್ಲೋರಿನ್ನಿನ ಹೊಣೆ ನೀರುಗಂಟಿಯದು, ಈಗಿನ ಮಾತಿನಲ್ಲಿ ವಾಟರ್‌ಮ್ಯಾನ್. ಲೆಕ್ಕ ಕಷ್ಟದ್ದಲ್ಲ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಶೇ. 25 ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿ. ಆದರೆ ಪುಡಿಯ ಚೀಲ ಪಂಚಾಯಿತಿಯ ಮೂಲೆಯಲ್ಲಿ ಬಾಯಿ ತೆರೆದು ಮಳೆಗಾಲ ಕಳೆದಿದ್ದರೆ ಅದರ ಕ್ಲೋರಿನ್ ಶೇ. 10ಕ್ಕೆ ಇಳಿದಿರಲೂಬಹುದು. ಆಗ ಅದೇ 400 ಗ್ರಾಮಿನಿಂದ ನೀರಿಗೆ ಸೇರುವುದು ಲೀಟರಿಗೆ 0.8 ಮಿಲಿಗ್ರಾಂ ಮಾತ್ರ. ನೀರುಗಂಟಿ ತಪ್ಪು ಮಾಡಿಲ್ಲ, ಪುಡಿಯೂ ಹಾಕಿದ್ದಾನೆ. ಕೊನೆಯ ಮನೆಯಲ್ಲಿ ಮಾತ್ರ ಏನೂ ಉಳಿದಿಲ್ಲ. ಇದನ್ನು ಹೇಳಬಲ್ಲದ್ದು ಕೊನೆಯ ಮನೆಯ ನಲ್ಲಿಯ ಅಳತೆಯೊಂದೇ.

ಮಂಡ್ಯದ ಕಡೆಯ ಒಬ್ಬ ನೀರುಗಂಟಿ ನನಗೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: ‘ಜಾಸ್ತಿ ಹಾಕಿದ್ರೆ ಆಸ್ಪತ್ರೆ ವಾಸ್ನೆ ಬತ್ತದೆ ಕಣಣ್ಣ ಅಂತ ಬೀದಿಯೆಲ್ಲ ಬಯ್ತರೆ ಸಾರ್. ಕಮ್ಮಿ ಹಾಕಿದ್ರೆ ಯಾರೂ ಏನೂ ಅನ್ನಕಿಲ್ಲ.’ ಕ್ಲೋರಿನ್ನಿನ ಕಥೆಯ ಅರ್ಧ ಈ ಮಾತಿನಲ್ಲಿದೆ. ಹೆಚ್ಚಾದದ್ದು ಮೂಗಿಗೆ ಗೊತ್ತಾಗುತ್ತದೆ, ಕಡಿಮೆಯಾದದ್ದು ಗೊತ್ತಾಗುವುದು ಆಸ್ಪತ್ರೆಯಲ್ಲಿ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ಕಲುಷಿತ ನೀರಿನಿಂದ ಜೀವಗಳನ್ನು ಕಳೆದುಕೊಂಡವು. ನಲ್ಲಿಯ ನೀರು ಕುಡಿದು ಈ ಕಾಲದಲ್ಲೂ ಜನ ಸಾಯುತ್ತಾರೆಂದರೆ ಅದನ್ನು ವಿಧಿಯ ತಲೆಗೆ ಕಟ್ಟಲಾಗದು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದದ್ದು, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸುವ ಕ್ರಮ ತಂದಿತು. ಇದು ಸರಿಯಾದ ದಾರಿ. ಕಿಟ್ಟಿನ ಬಣ್ಣದ ಪಟ್ಟಿ ಮೀಟರಿನಷ್ಟು ನಿಖರವಲ್ಲದಿರಬಹುದು. ಆದರೆ ನೀರು ಕುಡಿಯುವವರೇ, ಕುಡಿಯುವ ಜಾಗದಲ್ಲೇ, ಕುಡಿಯುವ ದಿನವೇ ಓದುತ್ತಾರೆ. ‘ಇದೆ, ಇಲ್ಲ’ ಎಂಬ ಉತ್ತರ ನಲ್ಲಿಯಲ್ಲೇ ಸಿಕ್ಕರೆ, ಮೂರು ವಾರದ ಮೇಲೆ ಬರುವ 0.23ಕ್ಕಿಂತ ಅದು ಮಗುವನ್ನು ಹೆಚ್ಚು ಕಾಪಾಡುತ್ತದೆ.

ಜನರ ಕೈಗೆ ಬಂದಿರುವ ಇನ್ನೊಂದು ಮೀಟರಿನ ಬಗ್ಗೆ ಎಚ್ಚರ ಬೇಕು. ಆರ್‌ಓ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ ಅಂಕಿ ತೋರಿಸುತ್ತಾರೆ. ಅದು ಹೇಳುವುದು ಕರಗಿದ ಲವಣಗಳ ಅಂದಾಜು ಮಾತ್ರ. ಬಗ್ಗಡ, ಕ್ಲೋರಿನ್, ರೋಗಾಣು ಇವುಗಳಲ್ಲಿ ಒಂದನ್ನೂ ಅದು ಕಾಣದು. ಟಿಡಿಎಸ್ 50 ಇರುವ ನೀರಿನಲ್ಲಿ ಕಾಲರಾ ಇರಬಹುದು, 400 ಇರುವ ನೀರು ನಿಶ್ಚಿಂತೆಯಿಂದ ಕುಡಿಯುವಂತಿರಬಹುದು. ಆರ್‌ಓ ದಾಟಿದ ನೀರಿನಲ್ಲಿ ಕ್ಲೋರಿನ್ನಿನ ಕಾವಲೂ ಉಳಿದಿರುವುದಿಲ್ಲ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ಬಾಯಿ, ಅದಕ್ಕೆ ಅದ್ದುವ ಲೋಟ ಸ್ವಚ್ಛವಾಗಿಲ್ಲದಿದ್ದರೆ ತಡೆಯುವವರು ಯಾರೂ ಇಲ್ಲ.

ಆಗಬೇಕಾದದ್ದು

ಮೀಟರು ಕೊಳ್ಳುವ ಪಂಚಾಯಿತಿ, ಪುರಸಭೆಗಳು ಬೆಲೆಪಟ್ಟಿಯ ಜೊತೆಗೆ ಕೇಳಬೇಕಾದ ಪ್ರಶ್ನೆಗಳಿವೆ. ಫಾರ್ಮಜಿನ್ ಮಾದರಿಗಳು, ಡಿಪಿಡಿ ಪುಡಿ, ಬದಲಿ ಸೀಸೆಗಳು ಎರಡನೇ ವರ್ಷವೂ ಸಿಗುತ್ತವೆಯೇ, ಅದಕ್ಕೆ ಬಜೆಟ್ಟಿನಲ್ಲಿ ಹಣ ಇಟ್ಟಿದೆಯೇ? ಅವಧಿ ಮುಗಿದ ಪುಡಿ ಕೊಡುವ ಗುಲಾಬಿ ನಂಬಿಕೆಗೆ ಅರ್ಹವಲ್ಲ. ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿಯ ಮೇಲೆ ನಡೆಯುತ್ತದೆಯೇ? ಅಳೆಯುವವರಿಗೆ ಸೀಸೆ ಒರೆಸುವುದನ್ನು, ಗುಳ್ಳೆಗೆ ಕಾಯುವುದನ್ನು ಒಂದು ದಿನ ಕೂತು ಕಲಿಸಲಾಗಿದೆಯೇ? ಅಹಮದಾಬಾದು, ಹೈದರಾಬಾದಿನಂಥ ಊರುಗಳಲ್ಲಿ ಪ್ರಯೋಗಾಲಯದ ಮೀಟರು ಮಾಡುವ ನಮ್ಮದೇ ಕಂಪನಿಗಳಿವೆ. ರಿಪೇರಿಗೆ ಹತ್ತಿರದಲ್ಲಿ ಜನ ಸಿಗುವ ಸಾದಾ ಮೀಟರು, ಕೆಟ್ಟು ಕಪಾಟು ಸೇರುವ ದುಬಾರಿ ಮೀಟರಿಗಿಂತ ಮೇಲು.

ಇನ್ನೊಂದು ಕೆಲಸ ಅಧಿಕಾರದ್ದು. ಕೊನೆಯ ಮನೆಯಲ್ಲಿ ಕ್ಲೋರಿನ್ ಸೊನ್ನೆ ಬಂದ ದಿನ, ಬಗ್ಗಡ 5 ದಾಟಿದ ದಿನ, ಅಳೆದವರು ‘ಇವತ್ತು ಕಾಯಿಸಿ ಕುಡಿಯಿರಿ’ ಎಂದು ಊರಿಗೆ ಹೇಳುವಂತಿರಬೇಕು, ಹೇಳಿದ್ದಕ್ಕೆ ಬೈಸಿಕೊಳ್ಳಬಾರದು. ಕೆಟ್ಟ ಅಂಕಿ ಬರೆದವರನ್ನು ಗದರುವ ಕಚೇರಿಗೆ ಮುಂದಿನ ತಿಂಗಳಿಂದ ಬರೀ ಒಳ್ಳೆಯ ಅಂಕಿಗಳೇ ಬರುತ್ತವೆ. ವಾಕರ್‌ಟನ್ನಿನ ಪುಸ್ತಕದಲ್ಲೂ ಅಂಕಿಗಳೆಲ್ಲ ಒಳ್ಳೆಯವೇ ಇದ್ದವು.

ಆ ಲ್ಯಾಬಿನ ಹೆಣ್ಣುಮಗಳ ಪುಸ್ತಕವನ್ನು ನಾನು ಹಿಂದಕ್ಕೆ ತಿರುವಿ ನೋಡಿದ್ದೆ. ಜುಲೈಯ ಒಂದು ಪುಟದಲ್ಲಿ ಫಿಲ್ಟರ್ ದಾಟಿದ ನೀರಿಗೆ 3.4 ಎಂದು ಬರೆದಿತ್ತು. ಅದರ ಎದುರು ಅದೇ ಕೈಬರಹದಲ್ಲಿ, ‘ಬೆಳಿಗ್ಗೆ 6.10. ಪಟಿಕ ಹೆಚ್ಚಿಸಿದೆ. ಫಿಲ್ಟರ್ 2 ತೊಳೆಯಲು ಹೇಳಿದೆ. 8.00ಕ್ಕೆ 0.9.’ ಒಂದು ಕೆಟ್ಟ ಅಂಕಿ, ಅದಕ್ಕೆ ಕೊಟ್ಟ ಉತ್ತರ, ಆಮೇಲಿನ ಅಂಕಿ. ನಮ್ಮ ಊರೂರಿನ ನೀರಿನ ಪುಸ್ತಕಗಳಲ್ಲಿ ಇಂಥ ಸಾಲುಗಳಿರಬೇಕು. ಹತ್ತಿರದ ಲ್ಯಾಬಿಗೋ ಪಂಚಾಯಿತಿಗೋ ಹೋದಾಗ ಆ ಪುಸ್ತಕವನ್ನು ಕೇಳಿ ನೋಡಿ.